ಅಕ್ಕಯ್ಯಮ್ಮನ ಕೈ ಮತ್ತು ನಮ್ಮ ಪುಡಿ

ಬಟ್ಟೆ ಒಗೆಯುವ ಪುಡಿಯ ಕಾರ್ಖಾನೆಗೆ ಕೆಮಿಸ್ಟ್ ಆಗಿ ಸೇರುವ ಹುಡುಗ ಹುಡುಗಿಯರಿಗೆ ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ. ಗಾಜಿನ ಕೊಳವೆ, ತಕ್ಕಡಿ, ಬಣ್ಣ ಬದಲಾಗುವ ದ್ರಾವಣ ಇವೆಲ್ಲ ಬೆಳಗಿನ ಒಂದೆರಡು ಗಂಟೆಯ ಕೆಲಸ. ಮಿಕ್ಕ ಹೊತ್ತೆಲ್ಲ ಬೇರೆಯವರ ಕೊಳೆ ಬಟ್ಟೆಯ ಜೊತೆಗೇ ಕಳೆಯಬೇಕು. ಕೊಳೆ ಎಂದರೆ ಮುಖ ತಿರುಗಿಸುವವರು ಈ ಕಡೆ ಬರದಿರುವುದೇ ಒಳ್ಳೆಯದು.

ನಾನು ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ. ತಗಡಿನ ಸೂರಿನ ಎರಡು ಶೆಡ್ಡು, ಒಂದು ಬೋರ್‌ವೆಲ್ಲು, ಹಿಂದೆ ಒಂದು ಹೊಂಗೆ ಮರ. ಯಶವಂತಪುರದಿಂದ ಬಸ್ಸು ಹಿಡಿದು ಜಾಲಹಳ್ಳಿ ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಕೆಂಪು ಮಣ್ಣಿನ ರಸ್ತೆಯಲ್ಲಿ ನಡೆಯುತ್ತಿದ್ದೆ. ಸುತ್ತ ಲೇತು, ಗ್ರೈಂಡಿಂಗಿನ ಶೆಡ್ಡುಗಳು. ಗಾಳಿಯಲ್ಲಿ ಕಬ್ಬಿಣ ಕೊರೆದ ವಾಸನೆ. ನಮ್ಮ ಗೇಟು ಹತ್ತಿರವಾದಂತೆ ಮೂಗಿಗೆ ಸೋಡಾದ ಘಾಟು ಹತ್ತಿ ಸೀನು ಬರುತ್ತಿತ್ತು. ಸೀನಿದೆ ಎಂದರೆ ಕೆಲಸಕ್ಕೆ ಬಂದೆ ಎಂದು ಲೆಕ್ಕ.

ನಮ್ಮ ಮಾಲೀಕರು ರಂಗನಾಥಯ್ಯನವರು. ಹಿಂದೆ ಸೈಕಲ್ಲಿನ ಕ್ಯಾರಿಯರಿಗೆ ಬಾರ್ ಸೋಪಿನ ಪೆಟ್ಟಿಗೆ ಕಟ್ಟಿಕೊಂಡು ಅಂಗಡಿ ಅಂಗಡಿ ತಿರುಗಿದವರು. ಆಗ ಎಲ್ಲರ ಮನೆಯಲ್ಲೂ ಮೊಳದುದ್ದದ ಹಳದಿ ಬಾರ್ ಸೋಪು. ಅಂಗಡಿಯಾತ ತಂತಿಯಲ್ಲಿ ತುಂಡು ಮಾಡಿ ಕೊಡುತ್ತಿದ್ದ. ಬಿಳಿ ಬಟ್ಟೆಗೆ ಒಗೆಯುವ ಸೋಡಾ, ಆಮೇಲೆ ನೀಲಿ, ಆಮೇಲೆ ಗಂಜಿ. ರೇಷ್ಮೆ ಸೀರೆಗೆ ನಮ್ಮಮ್ಮ ಅಂಟುವಾಳ ಕಾಯಿ ಬಿಟ್ಟು ಬೇರೇನೂ ಮುಟ್ಟಿಸುತ್ತಿರಲಿಲ್ಲ. ನಾನು ಕೆಮಿಸ್ಟ್ ಆದಮೇಲೂ ಮುಟ್ಟಿಸಲಿಲ್ಲ. ಆದರೆ ಪೀಣ್ಯ, ದಾಸರಹಳ್ಳಿ ಕಡೆಯ ಬೋರ್ ನೀರು ಬಹಳ ಗಡಸು. ಅದರಲ್ಲಿ ಬಾರ್ ಸೋಪು ಎಷ್ಟು ಉಜ್ಜಿದರೂ ನೊರೆ ಬರದೆ ಬಕೆಟ್ಟಿನ ಅಂಚಿಗೆ ಬಿಳೀ ಕರೆ ಕಟ್ಟುತ್ತಿತ್ತು. ಪುಡಿ ಹಾಗಲ್ಲ, ಅದೇ ನೀರಿನಲ್ಲೂ ಬುಸುಬುಸು ಅನ್ನುತ್ತಿತ್ತು. ರಂಗನಾಥಯ್ಯನವರು ಇದನ್ನು ಕಂಡುಕೊಂಡೇ ಸೋಪು ಬಿಟ್ಟು ಪುಡಿಗೆ ಇಳಿದಿದ್ದರು.

ನನಗೆ ಕೊಟ್ಟ ಮೊದಲ ದೊಡ್ಡ ಕೆಲಸ ಕಾಲರಿನದು. ಪುಡಿ ಎಷ್ಟು ಚೆನ್ನಾಗಿ ಕೊಳೆ ಬಿಡಿಸುತ್ತದೆ ಎಂದು ನೋಡಬೇಕಾದರೆ ನಿಜವಾದ ಕೊಳೆ ಬೇಕು. ಮನುಷ್ಯನ ಕತ್ತಿನ ಕೊಳೆಯಷ್ಟು ಹಟಮಾರಿ ಕೊಳೆ ಬೇರೆ ಇಲ್ಲ. ಬಿಳಿ ಬಟ್ಟೆಯ ಕಾಲರು ಹೊಲಿಸಿ, ಪಕ್ಕದ ಲೇತ್ ಶೆಡ್ಡಿನವರಿಗೆ ಕೊಟ್ಟು, ನಿಮ್ಮ ಶರ್ಟಿನ ಕಾಲರಿನ ಮೇಲೆ ಎರಡು ದಿನ ಹಾಕಿಕೊಂಡು ವಾಪಸ್ಸು ಕೊಡಿ ಎಂದು ಕೇಳಿಕೊಂಡೆ. ಬಂದ ಕಾಲರನ್ನು ಮಧ್ಯಕ್ಕೆ ಕತ್ತರಿಸಿ ಅರ್ಧ ನಮ್ಮ ಪುಡಿಯಲ್ಲಿ, ಅರ್ಧ ಬೇರೆ ಕಂಪನಿಯದರಲ್ಲಿ ಒಗೆದು ಹೋಲಿಸಬೇಕು. ಮೂರನೆಯ ದಿನ ಹೋದರೆ ಒಬ್ಬ ಫಿಟ್ಟರು ಕಾಲರನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟ. ಬಿಚ್ಚಿದರೆ ಹಾಲಿನಂತೆ ಬೆಳ್ಳಗಿದೆ, ಇಸ್ತ್ರಿ ಬೇರೆ ಆಗಿದೆ.

"ಏನ್ರೀ ಇದು? ಹಾಕ್ಕೊಳ್ಳೇ ಇಲ್ವಾ?"

"ಹಾಕ್ಕೊಂಡಿದ್ದೆ ಮೇಡಂ. ಹೆಣ್ಮಕ್ಕಳ ಕೈಗೆ ಕೊಳೆ ಬಟ್ಟೆ ಹೆಂಗೆ ಕೊಡೋದು ಅಂತ ಒಗೆದ್ಬಿಟ್ಟೆ."

"ಯಾವುದ್ರಲ್ಲಿ ಒಗೆದ್ರಿ?"

"ಬಾರ್ ಸೋಪಲ್ಲಿ, ನಮ್ಮನೆ ನಲ್ಲಿ ನೀರಲ್ಲಿ," ಅಂದ. ನಮ್ಮ ಯಾವ ಪುಡಿಯೂ ಕೊನೆಯವರೆಗೆ ಅಷ್ಟು ಬಿಳುಪು ಕೊಡಲಿಲ್ಲ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕಾಲರಿನ ಜೊತೆಗೆ ದೂರಿನ ಕೆಲಸವೂ ನನ್ನ ಪಾಲಿಗೇ ಬಂತು. ಪ್ಯಾಕೆಟ್ಟಿನ ಹಿಂದೆ ನಮ್ಮ ವಿಳಾಸ ಇರುತ್ತಿತ್ತು. ಬಣ್ಣ ಹೋಯಿತು, ಕರೆ ಹೋಗಲಿಲ್ಲ ಎಂದು ಕಾರ್ಡು ಬರೆಯುತ್ತಿದ್ದರು. ಮನೆಯ ಹೆಂಗಸರ ಹತ್ತಿರ ಮಾತಾಡಲು ಹೆಂಗಸೇ ಸರಿ ಎಂದು ರಂಗನಾಥಯ್ಯನವರು ನನ್ನನ್ನು ಕಳಿಸುತ್ತಿದ್ದರು. ಹೋಗಬೇಕು, ನೋಡಬೇಕು, ತಪ್ಪು ಯಾರದೆಂದು ಒಂದು ಪುಟ ಬರೆಯಬೇಕು, ಬರುವಾಗ ಎರಡು ಪ್ಯಾಕೆಟ್ ಪುಡಿ ಬಿಟ್ಟಿ ಕೊಟ್ಟು ಬರಬೇಕು. ಇಷ್ಟೇ ಪದ್ಧತಿ.

ಅಂಥ ಒಂದು ಮನೆ ಮತ್ತಿಕೆರೆಯಲ್ಲಿತ್ತು. ಅತ್ತೆ ಕಾರ್ಡು ಬರೆಸಿದ್ದರು. ಮಗನ ಬಿಳಿ ಶರ್ಟುಗಳ ಮೇಲೆ ನೀಲಿ ಮಚ್ಚೆ ಬಿದ್ದಿವೆ, ನಿಮ್ಮ ಪುಡಿಯದೇ ಕೆಲಸ ಎಂದು. ಶರ್ಟು ನೋಡಿದ ತಕ್ಷಣ ನನಗೆ ತಿಳಿಯಿತು. ನೀಲಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಅಲ್ಲಾಡಿಸುವ ಬದಲು ಯಾರೋ ನೇರ ಸುರಿದಿದ್ದಾರೆ. ತಲೆ ಎತ್ತಿದರೆ ಅತ್ತೆಯ ಹಿಂದೆ, ಅಡುಗೆಮನೆ ಬಾಗಿಲಲ್ಲಿ, ಹೊಸ ಸೊಸೆ ನಿಂತಿದ್ದಾಳೆ. ಕೈಯ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ. ನನ್ನನ್ನೇ ನೋಡುತ್ತಾ ಮೆಲ್ಲಗೆ ತಲೆ ಆಡಿಸಿದಳು, ಹೇಳಬೇಡಿ ಅನ್ನುವ ಹಾಗೆ.

"ನಮ್ಮ ಪುಡೀಲೇ ಏನೋ ಆಗಿರ್ಬೇಕು ಅಮ್ಮ. ಶರ್ಟು ಕೊಡಿ, ಸರಿ ಮಾಡಿ ತಂದ್ಕೊಡ್ತೀನಿ," ಅಂದೆ.

ನೀಲಿ ತೆಗೆಯಲು ನಿಂಬೆಹಣ್ಣಿನ ಹುಳಿ ಸಾಕು. ಎರಡು ದಿನಕ್ಕೆ ಶರ್ಟು ಬೆಳ್ಳಗೆ ವಾಪಸ್ಸು ಹೋಯಿತು. ವರದಿಯಲ್ಲಿ ಏನು ಬರೆದೆ ಅಂತ ಈಗ ನೆನಪಿಲ್ಲ, ಸತ್ಯವನ್ನಂತೂ ಬರೆದಿರಲಿಕ್ಕಿಲ್ಲ. ಈ ಸಣ್ಣ ಪ್ರಸಂಗ ಯಾಕೆ ಹೇಳಿದೆ ಎಂದರೆ, ಆ ಸೊಸೆಯ ಮುಖ ನೋಡಿ ಅರ್ಥಮಾಡಿಕೊಂಡ ನಾನೇ ಮುಂದೆ ಇನ್ನೊಂದು ಮನೆಯಲ್ಲಿ ಇನ್ನೊಬ್ಬಾಕೆಯ ಮುಖವನ್ನು ನೋಡಲೇ ಇಲ್ಲ.

ಅದನ್ನು ಹೇಳುವ ಮೊದಲು ಪಾಪಣ್ಣನ ವಿಷಯ ಹೇಳಬೇಕು. ಪಾಪಣ್ಣ ನಮ್ಮ ಮಿಕ್ಸಿಂಗ್ ಶೆಡ್ಡಿನ ಹಿರಿಯಾಳು. ಖಾಕಿ ಚಡ್ಡಿ, ತಲೆಗೆ ಟವೆಲ್ಲು. ಚಿಕ್ಕ ವಯಸ್ಸಿನಿಂದ ಸೋಪು ಕುದಿಸುವ ಕಡಾಯಿಯ ಮುಂದೆ ಬೆಳೆದವರು. ಹಿಂದೆ ಸೋಪು ಹದಕ್ಕೆ ಬಂತೋ ಇಲ್ಲವೋ ಎಂದು ನಾಲಗೆಯ ತುದಿಗೆ ಮುಟ್ಟಿಸಿ ಹೇಳುತ್ತಿದ್ದರಂತೆ. ನಾಲಗೆ ಚುರ್ ಎಂದರೆ ಕಾಸ್ಟಿಕ್ ಸೋಡಾ ಹೆಚ್ಚಾಗಿದೆ ಎಂದು ಅರ್ಥ. ಪುಡಿಗೆ ಬಂದಮೇಲೆ ನಾಲಗೆ ಬಿಟ್ಟು ಅಂಗೈ ಹಿಡಿದರು. ಚಿಟಿಕೆ ಪುಡಿ ಅಂಗೈಗೆ ಹಾಕಿ, ಎರಡು ಹನಿ ನೀರು ಬಿಟ್ಟು, ಮುಷ್ಟಿ ಮುಚ್ಚಿ ನಿಲ್ಲುತ್ತಿದ್ದರು. ಒಳಗೆ ಕಾವು ಬಂದರೆ ಸೋಡಾ ಹೆಚ್ಚು.

ನಮ್ಮ ಪುಡಿ ತಯಾರಾಗುತ್ತಿದ್ದದ್ದು ಹೀಗೆ. ದೊಡ್ಡ ಮಿಕ್ಸರಿನಲ್ಲಿ ಸೋಡಾ ಪುಡಿ ಹಾಕಿ, ಮೇಲಿಂದ ಕಂದು ಬಣ್ಣದ ಮಂದ ಆಸಿಡ್ ಸುರಿದು ತಿರುವಬೇಕು. ಎರಡೂ ಸೇರಿದರೆ ಒಗೆಯುವ ಪುಡಿ. ಸರಿಯಾಗಿ ಸೇರದಿದ್ದರೆ ಬರಿಯ ಸೋಡಾ ಹಾಗೇ ಉಳಿಯುತ್ತದೆ, ಅದು ಚರ್ಮದ ಜಿಡ್ಡನ್ನೆಲ್ಲ ಎಳೆದುಹಾಕುತ್ತದೆ. ಪ್ರತಿ ಸಲದ ಮಾಲಿನಿಂದ ಒಂದು ಡಬ್ಬಿ ತಂದು ಪರೀಕ್ಷೆ ಮಾಡಿ 'ಸರಿ' ಎಂದು ಸಹಿ ಹಾಕುವುದು ನನ್ನ ಕೆಲಸ.

ಒಂದು ದಿನ ನಾನು ಮಿಕ್ಸರಿನ ಮೇಲ್ಭಾಗದಿಂದ ಡಬ್ಬಿ ತುಂಬಿಕೊಂಡು ಹೊರಟಾಗ ಪಾಪಣ್ಣ ಅಡ್ಡ ನಿಂತರು.

"ಅಮ್ಮಾ, ಇವತ್ತಿನ ಮಾಲು ಕಚ್ತೈತೆ. ತಳದಾಗಿಂದ ತಗೊಂಡು ನೋಡಿ."

"ಮೇಲಿಂದು ತಗೊಂಡಿದೀನಲ್ಲ ಪಾಪಣ್ಣ. ಎಲ್ಲಾ ಒಂದೇ ಮಾಲು ತಾನೆ?"

"ಒಂದೇ ಅಲ್ಲ. ಕೈ ಬಿಸಿ ಆಯ್ತೈತೆ."

"ಕೈ ಬಿಸಿ ಆಯ್ತು ಅಂತ ರಿಪೋರ್ಟಲ್ಲಿ ಬರೆಯೋಕಾಗುತ್ತಾ? ಎಷ್ಟು ಡಿಗ್ರಿ ಅಂತ ಬರೀಲಿ?"

ಪ್ಯಾಕಿಂಗಿನ ಹುಡುಗಿಯರು ಕಿಸಕ್ಕನೆ ನಕ್ಕರು. ಅವರು ನಗಲಿ ಎಂದೇ ನಾನು ಹಾಗೆ ಹೇಳಿದ್ದು. ಪಾಪಣ್ಣ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಹೊರಟುಹೋದರು. ನನ್ನ ಡಬ್ಬಿಯ ಪುಡಿ ಪರೀಕ್ಷೆಯಲ್ಲಿ ಸರಿಯಾಗೇ ಬಂತು. ಸಹಿ ಹಾಕಿದೆ.

ಸುಮಾರು ಒಂದು ತಿಂಗಳಾದ ಮೇಲೆ ಜಾಲಹಳ್ಳಿಯಿಂದ ಒಂದು ಕಾಗದ ಬಂತು. ಅಲ್ಲಿ ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿದ್ದ ಸುಶೀಲಮ್ಮ ಎಂಬ ಸ್ಕೂಲ್ ಟೀಚರು ಬರೆದದ್ದು. ತಮ್ಮ ಮನೆಯೂ ಸೇರಿ ಐದು ಮನೆಗಳ ಬಟ್ಟೆ ಒಗೆಯುವ ಅಕ್ಕಯ್ಯಮ್ಮನ ಕೈ ನಿಮ್ಮ ಪುಡಿಯಿಂದ ಸುಲಿದುಹೋಗಿದೆ, ದಯವಿಟ್ಟು ಬಂದು ನೋಡಿ ಎಂದು ಎರಡೇ ಸಾಲು, ಕೆಳಗೆ ಪ್ಯಾಕೆಟ್ಟಿನ ನಂಬರು.

ಹೋದೆ. ಬೇಲಿಗೆ ದಾಸವಾಳ ಬೆಳೆಸಿದ ಸಾಲುಮನೆಗಳು, ಸದ್ದಿಲ್ಲದ ರಸ್ತೆ. ಸುಶೀಲಮ್ಮನವರ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಅಕ್ಕಯ್ಯಮ್ಮ ನಿಂತಿದ್ದರು. ಜಾಲಹಳ್ಳಿ ಊರಿನವರೇ, ನಲವತ್ತು ದಾಟಿದ ಹೆಂಗಸು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ತೆಗೆಸಿ ನೋಡಿದೆ. ಬೆರಳ ಸಂದಿ ಕೆಂಪಗೆ ಬಿರಿದು, ಅಂಗೈ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು.

"ಎಷ್ಟು ಪುಡಿ ಹಾಕ್ತೀಯ?" ಎಂದು ಕೇಳಿದೆ. ನನ್ನ ತಾಯಿಗಿಂತ ನಾಲ್ಕೈದು ವರ್ಷ ಚಿಕ್ಕವರಿದ್ದಿರಬಹುದು. ನಾನು ಕೇಳಿದ್ದು ಮಾತ್ರ 'ಹಾಕ್ತೀಯ' ಎಂದೇ.

"ಒಂದು ಇಡಿ ಆಕ್ತೀನವ್ವ."

"ಹಿಡಿಯಾ? ಅದಕ್ಕೇ ಮತ್ತೆ! ಬಕೆಟ್ಟಿಗೆ ಎರಡು ಚಮಚ ಸಾಕು ಅಂತ ಪ್ಯಾಕೆಟ್ ಮೇಲೆ ಬರೆದಿದೆಯಲ್ಲ."

"ನಂಗೆ ಓದಾಕೆ ಬರಾಕಿಲ್ಲ. ಆದ್ರೆ ಇದುಕ್ ಮುಂಚೆನೂ ಒಂದ್ ಇಡೀನೇ ಆಕ್ತಿದ್ದೆ, ಏನೂ ಆಗಿರ್ನಿಲ್ಲ."

ಆ ಕೊನೆಯ ಮಾತಿನಲ್ಲೇ ಉತ್ತರ ಇತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಕೆಟ್ಟಿಗೆ ನೀರು ತರಿಸಿ, ನನ್ನ ಚೀಲದ ಪ್ಯಾಕೆಟ್ಟಿನಿಂದ ಎರಡು ಚಮಚ ಪುಡಿ ಕದಡಿ, ಮೊಳಕೈವರೆಗೆ ನನ್ನ ಕೈ ಮುಳುಗಿಸಿ ತೋರಿಸಿದೆ. "ನೋಡು, ನನ್ನ ಕೈಗೆ ಏನಾಯ್ತು? ಏನೂ ಇಲ್ಲ." ಅಕ್ಕಯ್ಯಮ್ಮ ನನ್ನ ಕೈ ನೋಡಿದರು, ಬಳೆ ನೋಡಿದರು. ಪದ್ಧತಿಯಂತೆ ಎರಡು ಪ್ಯಾಕೆಟ್ ಪುಡಿ ಕೊಟ್ಟೆ. ಕಾರ್ಖಾನೆಗೆ ಬಂದು ವರದಿ ಬರೆದೆ: 'ಬಳಸಿದವರು ಅಳತೆ ಮೀರಿ ಹಾಕಿದ್ದಾರೆ. ಪುಡಿಯಲ್ಲಿ ದೋಷವಿಲ್ಲ.'

ಮತ್ತೆ ಎರಡು ವಾರಕ್ಕೆ ನಮ್ಮ ಮಿಕ್ಸರು ಕಟಕಟ ಎಂದು ನಿಂತಿತು. ಮೆಕ್ಯಾನಿಕ್ಕು ಬಂದು ಖಾಲಿ ಮಾಡಿಸಿ ಒಳಗಿಳಿದರೆ, ತಳದಲ್ಲಿ ತಿರುಗಬೇಕಾದ ಅಲಗು ಮುರಿದು ಬಿದ್ದಿದೆ. ಮುರಿದದ್ದು ಇವತ್ತಲ್ಲ, ಅಂಚು ಸವೆದು ಹೊಳೆಯುತ್ತಿತ್ತು. ಅಡಿಯಲ್ಲಿ ಗೇಣು ದಪ್ಪಕ್ಕೆ ಬಿಳಿ ಸೋಡಾ ಹಾಗೇ ಗಟ್ಟಿಯಾಗಿ ಕೂತಿತ್ತು. ಇಷ್ಟು ದಿನ ಮೇಲಿನ ಮಾಲು ಮಾತ್ರ ಸರಿಯಾಗಿ ಸೇರಿ, ತಳದ್ದು ಸೇರದೆ, ಎರಡೂ ಪ್ಯಾಕೆಟ್ಟಿಗೆ ಹೋಗಿದ್ದವು.

ಪಾಪಣ್ಣ ಪಕ್ಕದಲ್ಲೇ ಇದ್ದರು. ನಾನು ಹೇಳಿರಲಿಲ್ವಾ ಎಂದು ಕೇಳಬಹುದಿತ್ತು. ಕೇಳಲಿಲ್ಲ. "ಕಪಾಟಿನಾಗೆ ಹಳೇ ಪ್ಯಾಕೆಟ್ ಇಟ್ಟಿರ್ತೀರಲ್ಲಮ್ಮ, ಅವನ್ನ ನೋಡಿ" ಎಂದರು ಅಷ್ಟೇ.

ಪ್ರತಿ ಸಲದ ಮಾಲಿಗೂ ಒಂದು ನಂಬರು ಹಾಕಿ, ಅದರಿಂದ ನಾಲ್ಕು ಪ್ಯಾಕೆಟ್ ತೆಗೆದಿಡುವ ಪದ್ಧತಿ ಇತ್ತು. ಸುಶೀಲಮ್ಮನವರು ಬರೆದಿದ್ದ ನಂಬರಿನ ನಾಲ್ಕನ್ನೂ ಒಡೆದು ಪರೀಕ್ಷೆ ಮಾಡಿದೆ. ಎರಡು ಸರಿ ಇದ್ದವು. ಇನ್ನೆರಡು ಹೆಚ್ಚೂಕಡಿಮೆ ಬರಿಯ ಸೋಡಾ. ನಾನು ಜಾಲಹಳ್ಳಿಗೆ ಒಯ್ದಿದ್ದ ಪುಡಿಯೂ ಅದೇ ನಂಬರಿನದು. ಹಿತ್ತಲಲ್ಲಿ ನಾನು ಕೈ ಅದ್ದಿದ್ದು ಅದೃಷ್ಟಕ್ಕೆ ಸರಿಯಾದ ಪ್ಯಾಕೆಟ್ಟು. ಆಕೆಗೆ ಕೊಟ್ಟು ಬಂದ ಎರಡು ಎಂಥವೋ ದೇವರಿಗೇ ಗೊತ್ತು.

ಕಾಗದಗಳನ್ನು ಹಿಡಿದುಕೊಂಡು ರಂಗನಾಥಯ್ಯನವರ ಕೋಣೆಗೆ ಹೋದೆ. ಪಾಪಣ್ಣ ಕರೆಯದೆಯೇ ಹಿಂದೆ ಬಂದರು.

ಎಲ್ಲ ಕೇಳಿ ಮಾಲೀಕರು ಕನ್ನಡಕ ತೆಗೆದರು. "ವಿಮಲಾ, ಅಳತೆ ಮೀರಿ ಹಾಕಿದಾರೆ ಅಂತ ನೀವೇ ಬರೆದುಕೊಟ್ಟಿದೀರಲ್ಲ. ಅದು ಅಲ್ಲಿಗೆ ಮುಗೀತು."

"ಆ ವರದಿ ತಪ್ಪು ಸಾರ್. ಬೇರೆ ಬರೀತೀನಿ. ಅಂಗಡಿಗಳಿಂದ ಆ ನಂಬರಿಂದ ಈಚಿನ ಪ್ಯಾಕೆಟ್ ಎಲ್ಲಾ ವಾಪಸ್ ತರಿಸ್ಬೇಕು."

"ವಾಪಸ್ ತರಿಸಿದ್ರೆ ಊರಿಗೆಲ್ಲಾ ಗೊತ್ತಾಗುತ್ತೆ. ಒಂದ್ಸಲ ಹೆಸರು ಕೆಟ್ರೆ ಅಂಗಡಿಯವನು ಮತ್ತೆ ಮುಂದಿನ ಸಾಲಲ್ಲಿ ಇಡಲ್ಲ ಕಣಮ್ಮ. ಇಲ್ಲಿ ಮೂವತ್ತು ಜನ ಕೆಲಸ ಮಾಡ್ತಿದಾರೆ. ಅದೂ ಅಲ್ದೆ ಎರಡನೇ ವರದಿಗೂ ನಿಮ್ಮದೇ ಸಹಿ ಇರುತ್ತೆ. ಮೊದಲನೇದು ತಪ್ಪು ಅಂತ ನೀವೇ ಒಪ್ಕೊಂಡ ಹಾಗೆ. ಯೋಚನೆ ಮಾಡಿ."

ಅವರು ಹೆದರಿಸುತ್ತಿರಲಿಲ್ಲ. ಅವರೇ ಹೆದರಿದ್ದರು. ನನಗೂ ಹೆದರಿಕೆಯಾಯಿತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಮನೆಯಲ್ಲಿ ನನ್ನ ಹಿಂದೆ ಇಬ್ಬರು ತಂಗಿಯರಿದ್ದರು. ಅಷ್ಟರಲ್ಲಿ ಪಾಪಣ್ಣ ಮೇಜಿನ ಹತ್ತಿರ ಬಂದರು.

"ಯಜಮಾನ್ರೇ, ವಸಿ ಕೈ ನೀಡಿ."

ರಂಗನಾಥಯ್ಯನವರು ಅರ್ಥವಾಗದೆ ಕೈ ಚಾಚಿದರು. ಪಾಪಣ್ಣ ಜೇಬಿನ ಪೊಟ್ಟಣದಿಂದ ಆ ಕೆಟ್ಟ ಪುಡಿ ಸುರಿದು, ಹೂಜಿಯಿಂದ ಸ್ವಲ್ಪ ನೀರು ಬಿಟ್ಟು, ಮಾಲೀಕರ ಬೆರಳುಗಳನ್ನು ತಾವೇ ಮಡಿಸಿ ಮುಷ್ಟಿ ಮುಚ್ಚಿಸಿದರು. ಮಾಲೀಕರ ಹುಬ್ಬು ಗಂಟಾಯಿತು. ಅವರೂ ಸೋಪಿನ ಜೊತೆಗೇ ಬಾಳಿದ ಮನುಷ್ಯ, ಬಿಡಿಸಿ ಹೇಳುವುದು ಬೇಕಿರಲಿಲ್ಲ.

ಎದ್ದು ಹೋಗಿ ಕೈ ತೊಳೆದುಕೊಂಡರು. ತುಂಬಾ ಹೊತ್ತು ತೊಳೆದರು. ವಾಪಸ್ಸು ಬಂದು, "ಆ ಹೆಂಗಸು ದಿನಕ್ಕೆ ಎಷ್ಟು ಹೊತ್ತು ಒಗೀತಾಳೆ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ.

"ವ್ಯಾನ್ ತೆಗೆಸಿ," ಅಂದರು.

ಅವತ್ತು, ಮಾರನೆಯ ದಿನ, ಆಮೇಲಿನ ದಿನ, ಮಾಲೀಕರು, ಪಾಪಣ್ಣ, ನಾನು ಮೂವರೂ ವ್ಯಾನಿನಲ್ಲಿ ಜಾಲಹಳ್ಳಿ, ದಾಸರಹಳ್ಳಿ, ಮತ್ತಿಕೆರೆ, ಯಶವಂತಪುರ ಸುತ್ತಿದೆವು. ರಂಗನಾಥಯ್ಯನವರೇ ಅಂಗಡಿಯ ಮೆಟ್ಟಿಲು ಹತ್ತಿ, "ಮಾಲು ಕೆಟ್ಟಿದೆ, ವಾಪಸ್ ಕೊಡಿ" ಎನ್ನುತ್ತಿದ್ದರು. ಕೆಲವರು ಬೈದರು. ಒಬ್ಬ ಹಳೆಯ ಅಂಗಡಿಯಾತ ಕುಡಿಯಲು ಗೋಲಿ ಸೋಡಾ ಒಡೆಸಿ ಕೊಟ್ಟು, "ಮಾಲು ಕೆಟ್ಟಿದೆ ಅಂತ ತಾನಾಗೇ ಬಂದು ಹೇಳಿದೋನ್ನ ಇವತ್ತೇ ನೋಡಿದ್ದು" ಎಂದ. ಅಷ್ಟರಲ್ಲಿ ಮಾರಿಹೋಗಿದ್ದವು ಹೋಗಿದ್ದವು. ಅವು ಯಾರ ಕೈಗೆ ಸೇರಿದವೋ ನಮಗೆ ಕೊನೆಗೂ ತಿಳಿಯಲಿಲ್ಲ. ಈ ಮಾತು ಬರೆಯುವಾಗಲೂ ಮನಸ್ಸಿಗೆ ಹಿತವಾಗುವುದಿಲ್ಲ.

ಅಂಗಡಿಗಳ ಕೆಲಸ ಮುಗಿದ ಮೇಲೆ ನಾನೊಬ್ಬಳೇ ಅಕ್ಕಯ್ಯಮ್ಮನನ್ನು ಹುಡುಕಿಕೊಂಡು ಹೋದೆ. ಕ್ವಾರ್ಟರ್ಸಿನಲ್ಲಿ ಇರಲಿಲ್ಲ. ಊರೊಳಗಿನ ಮನೆಗೆ ಹೋದರೆ ಜಗುಲಿಯ ಮೇಲೆ ಕೂತಿದ್ದರು, ಎರಡೂ ಕೈಗೆ ಬೇವಿನೆಣ್ಣೆ ಹಚ್ಚಿ ಹಳೇ ಪಂಚೆಯ ಬಟ್ಟೆ ಸುತ್ತಿದ್ದರು.

"ಕೆಲಸಕ್ಕೆ ಹೋಗ್ತಿಲ್ವಾ?"

"ಎಲ್ಲಿಗೋಗ್ಲಿ? ಟೀಚರಮ್ಮ ಒಬ್ರು ವಾಸಿ ಆದ್ಮೇಲೆ ಬಾ ಅಂದವ್ರೆ. ಮಿಕ್ಕೋರು ಬರ್ಬ್ಯಾಡ ಅಂದ್ಬುಟ್ರು. ಕೊನೇ ಮನೆಯಮ್ಮ ನನ್ ಕೈ ನೋಡಿ ಇದು ಕಜ್ಜಿ, ನಮ್ ಬಟ್ಟೆಗೂ ಅಂಟ್ತದೆ ಅಂದ್ರು. ಆ ಮಾತು ಒಂದ್ ಮನೆಯಿಂದ ಇನ್ನೊಂದ್ ಮನೆಗೆ ಓಯ್ತು."

ನಾನು ಜಗುಲಿಯ ಅಂಚಿಗೆ ಕೂತೆ. ಮಿಕ್ಸರಿನ ಅಲಗು ಮುರಿದದ್ದು, ನಾನು ತಳದ ಮಾಲು ನೋಡದೇ ಇದ್ದದ್ದು, ಕೊಟ್ಟುಹೋದ ಪ್ಯಾಕೆಟ್ಟೂ ಅದೇ ಆಗಿದ್ದದ್ದು ಎಲ್ಲ ಹೇಳಿದೆ. "ತಪ್ಪು ನಿಮ್ದಲ್ಲ. ಹಿಡಿ ಹಾಕಿದ್ದಕ್ಕೆ ಆಗಿದ್ದಲ್ಲ. ನಂದು ತಪ್ಪು" ಎಂದೆ.

ಅಕ್ಕಯ್ಯಮ್ಮ ಕೋಪಿಸಿಕೊಳ್ಳಲಿಲ್ಲ. "ಒಂದು ಪ್ಯಾಕೆಟ್ ಕರ್ಚು ಮಾಡ್ಬುಟ್ಟೆ," ಎಂದರು. "ಓದಿರೋ ಎಣ್ಮಗಳು, ಬಂದು ಕೈ ಅದ್ದಿ ತೋರ್ಸಿ ಕೊಟ್ಟವ್ಳೆ, ಒಳ್ಳೇದೇ ಇರ್ತದೆ ಅಂದ್ಕಂಡೆ. ಅದ್ರಾಗೆ ಒಗ್ದಾಗ್ಲೇ ಕೈ ಪೂರ್ತಿ ಓಗಿದ್ದು." ಬಟ್ಟೆ ಸುತ್ತಿದ್ದ ಕೈಯನ್ನು ಮುಂದೆ ಹಿಡಿದು, "ನೀವು ಒಂದ್ ಗಳಿಗೆ ಕೈ ಅದ್ದುದ್ರಿ. ನಂದು ಬೆಳಿಗ್ಗೆ ಏಳಕ್ಕೆ ನೀರೊಳಗೋದ್ರೆ ಹನ್ನೊಂದಕ್ಕೆ ಈಚೆಗೆ ಬರೋದು" ಎಂದರು.

ನಾನು ಕಾಲೇಜಿನಲ್ಲಿ ಕಲಿಯದ ಪಾಠ ಅದು. ಒಂದು ಗಳಿಗೆ ಕೈ ಅದ್ದಿ ನೋಡುವುದು ಪರೀಕ್ಷೆಯೇ ಅಲ್ಲ. ಆಮೇಲೆ ನಮ್ಮಲ್ಲಿ ಎರಡು ಬದಲಾವಣೆ ಆದವು. ಪುಡಿಯನ್ನು ಮೇಲಿಂದ, ನಡುವಿನಿಂದ, ತಳದಿಂದ ಮೂರು ಕಡೆ ತೆಗೆದು ನೋಡುವುದು. ಪ್ರತಿ ವಾರ ನಾನೇ ನಾಲ್ಕು ಗಂಟೆ ಆ ಪುಡಿಯಲ್ಲಿ ಬಟ್ಟೆ ಒಗೆಯುವುದು. ಕೆಮಿಸ್ಟಮ್ಮ ಹೊಂಗೆ ಮರದ ಕೆಳಗೆ ಒಗೆಯುತ್ತಾ ಕೂತಿದ್ದಾರೆ ಎಂದು ಲೇತಿನವರೆಲ್ಲ ಬಂದು ನೋಡಿದರು. ಪಾಪಣ್ಣನ ಹತ್ತಿರ ಅಂಗೈ ಪರೀಕ್ಷೆಯನ್ನೂ ಕಲಿತೆ. ಮಾಲೀಕರು ನನ್ನನ್ನು ತೆಗೆಯಲಿಲ್ಲ. ಎರಡನೆಯ ವರದಿಯನ್ನು ಓದಿ, ಮೊದಲನೆಯದರ ಮೇಲಿಟ್ಟು ದಾರ ಕಟ್ಟಿದರು.

ಆದರೆ ಇವೆಲ್ಲ ಆಮೇಲಿನ ಮಾತು. ಆ ದಿನ ಜಗುಲಿಯ ಮೇಲೆ ನಾನು ಚೀಲದಿಂದ ಒಂದು ಕಾಗದ ತೆಗೆದೆ. ಕಂಪನಿಯ ಹೆಸರಿದ್ದ ಕಾಗದದಲ್ಲಿ, ಮಾಲೀಕರ ಸಹಿಯೊಂದಿಗೆ ಬರೆಸಿಕೊಂಡು ಹೋಗಿದ್ದೆ. ಓದಿ ಹೇಳಿದೆ. 'ಶ್ರೀಮತಿ ಅಕ್ಕಯ್ಯಮ್ಮನವರ ಕೈಗೆ ಆಗಿರುವ ತೊಂದರೆ ಯಾವ ರೋಗವೂ ಅಲ್ಲ, ಯಾರಿಗೂ ಅಂಟುವುದಿಲ್ಲ. ಅದು ನಮ್ಮ ಪುಡಿಯ ದೋಷದಿಂದ ಆದದ್ದು. ಅದಕ್ಕಾಗಿ ಕ್ಷಮೆ ಕೇಳುತ್ತೇವೆ. ಕೈ ವಾಸಿಯಾಗುವವರೆಗಿನ ಖರ್ಚು ನಮ್ಮದು.'

"ಇನ್ನೊಂದ್ ಸಲ ಓದಿ," ಎಂದರು.

ಮತ್ತೆ ಓದಿದೆ.

"ಶ್ರೀಮತಿ ಅಂತ ಐತಾ ಅದ್ರಾಗೆ?"

"ಇದೆ."

"ಕರ್ಚಿನ ಮಾತು ಆಮ್ಯಾಕಾಗ್ಲಿ. ಇದನ್ನ ಆ ಮನೆಗಳಾಗೆ ಓದ್ತೀರಾ? ಅವರ್ ಮುಂದೆ? ನಾನು ಪಕ್ಕದಾಗೆ ನಿಂತಿರ್ತೀನಿ."

ಓದ್ತೀನಿ ಎಂದೆ. ಅಕ್ಕಯ್ಯಮ್ಮ ಎದ್ದು ಒಳಗೆ ಹೋಗಿ, ಬೇರೆ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದರು. ಕೈಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಹಾಕಿದ್ದರು.

ಸಂಜೆ ಐದರ ಹೊತ್ತು. ಕಾರ್ಖಾನೆಯ ಬಸ್ಸುಗಳು ಬಂದು ಗಂಡಸರು ಮನೆ ಸೇರುತ್ತಿದ್ದರು. ಸುಶೀಲಮ್ಮನವರು ನಮ್ಮನ್ನು ಕಂಡು ತಾವೂ ಚಪ್ಪಲಿ ಮೆಟ್ಟಿದರು. ಮೊದಲ ಗೇಟಿನಲ್ಲಿ ಕಾಗದ ಓದಿದೆ. ನಮ್ಮ ಪುಡಿ ಕೆಟ್ಟದ್ದು ಎಂದು ನಾನೇ ಬೀದಿಯಲ್ಲಿ ನಿಂತು ಸಾರುತ್ತಿದ್ದೆ. ಆ ಮನೆಯಾಕೆ ಪೂರ್ತಿ ಕೇಳಿ, "ಅಯ್ಯೋ, ನಾವೂ ಅನ್ಯಾಯವಾಗಿ ಅಂದ್ಬಿಟ್ವಿ. ಕೈ ವಾಸಿಯಾದ ತಕ್ಷಣ ಬಾ ಅಕ್ಕಯ್ಯಮ್ಮ" ಎಂದರು. ಎರಡನೆಯ ಮನೆಯವರು ಆಗಲೇ ಬೇರೆಯವರನ್ನು ಇಟ್ಟುಕೊಂಡಿದ್ದರು. ಅವರನ್ನು ಬಿಡಿಸುವುದು ಸರಿಯಲ್ಲ ಎಂದು ಅಕ್ಕಯ್ಯಮ್ಮನೇ ಹೇಳಿದರು. ಮೂರನೆಯ ಮನೆಯ ಯಜಮಾನರು ಕಾಗದವನ್ನು ಇಸಿದುಕೊಂಡು ತಾವೇ ಎರಡು ಸಲ ಓದಿ, ನೋಡೋಣ ಎಂದು ಬಾಗಿಲು ಹಾಕಿಕೊಂಡರು.

ಉಳಿದದ್ದು ಕಜ್ಜಿ ಎಂದು ಮೊದಲು ಹೇಳಿದ ಮನೆ. ಗೇಟಿನ ಹತ್ತಿರ ಹೋಗಿ ನಾನು ಕಾಗದ ಬಿಚ್ಚುವಷ್ಟರಲ್ಲಿ ಅಕ್ಕಯ್ಯಮ್ಮ ಕೈ ಚಾಚಿದರು.

"ಅದನ್ನ ನಂಗೆ ಕೊಡಿ. ಇಲ್ಲಿ ನಾನೇ ಏಳ್ತೀನಿ."

ಕೊಟ್ಟೆ. ಕಾಗದವನ್ನು ತಲೆಕೆಳಗಾಗಿ ಹಿಡಿದಿದ್ದರು. ನಾನಾಗಲಿ ಸುಶೀಲಮ್ಮನವರಾಗಲಿ ಸರಿಪಡಿಸಲಿಲ್ಲ. ಮನೆಯಾಕೆ ಹೊರಗೆ ಬಂದು ನಮ್ಮ ಮೂವರನ್ನೂ ನೋಡಿ ಮೆಟ್ಟಿಲ ಮೇಲೇ ನಿಂತರು.

"ಅಮ್ಮಾವ್ರೇ, ಇದು ಕಂಪ್ನಿಯೋರು ಕೊಟ್ಟಿರೋ ಕಾಗ್ಜ. ಶ್ರೀಮತಿ ಅಕ್ಕಯ್ಯಮ್ಮಂಗೆ ಯಾವ ರೋಗಾನೂ ಇಲ್ಲ, ಕಜ್ಜೀನೂ ಇಲ್ಲ, ಪುಡೀನೇ ಕೆಟ್ಟಿದ್ದು ಅಂತ ಬರ್ದವ್ರೆ. ಪುಡಿ ಮಾಡೋರು ಇವ್ರೇ, ಕೇಳಿ ಬೇಕಾದ್ರೆ."

ಮನೆಯಾಕೆ ನನ್ನ ಕಡೆ ನೋಡಿದರು. "ಹೌದು ಮೇಡಂ, ತಪ್ಪು ನಮ್ದೇ," ಎಂದೆ.

ಆಕೆ ಮೆಲ್ಲಗೆ ಮೆಟ್ಟಿಲಿಳಿದು ಬಂದರು. ಕಾಗದ ಕೇಳಲಿಲ್ಲ. ಗೇಟಿನ ಮೇಲಿಂದ ಅಕ್ಕಯ್ಯಮ್ಮನ ಕೈಯನ್ನೇ ಹಿಡಿದು, ತಿರುಗಿಸಿ, ಬಿರಿದ ಬೆರಳ ಸಂದಿಗಳನ್ನು ನೋಡಿದರು. "ತುಂಬಾ ಉರೀತಿತ್ತೇನೇ?" ಎಂದು ಕೇಳಿದರು.

"ಉರೀತಿತ್ತಮ್ಮ," ಎಂದರು ಅಕ್ಕಯ್ಯಮ್ಮ. ಅಷ್ಟೂ ಹೊತ್ತಿನಲ್ಲಿ ಮೊದಲ ಸಲ ಅವರ ಕಣ್ಣಲ್ಲಿ ನೀರು ಬಂತು.

ಸ್ವಲ್ಪ ಸುಧಾರಿಸಿಕೊಂಡು ಸೆರಗಿನಿಂದ ಮುಖ ಒರೆಸಿಕೊಂಡು, "ಮುಂದಿನ ತಿಂಗ್ಳಿಂದ ಬರ್ತೀನಿ. ಆದ್ರೆ ಒಂದ್ ಮಾತು. ನೀವು ತಂದುಕೊಟ್ಟಿದ್ರಾಗೆ ನಾನು ಒಗೆಯಾಕಿಲ್ಲ. ಯಾವುದ್ರಾಗೆ ಒಗೀಬೇಕು ಅಂತ ನಾನ್ ಏಳ್ತೀನಿ, ಅದ್ನೇ ತರ್ಸಿ" ಎಂದರು.

"ಆಯ್ತು, ಯಾವುದು ಹೇಳು."

"ಅಳದಿ ಬಾರ್ ಸೋಪು."

"ಅದು ನಿಮ್ಮ ಕಂಪನಿದಾ?" ಎಂದು ಮನೆಯಾಕೆ ನನ್ನನ್ನು ಕೇಳಿದರು.

"ಅಲ್ಲ," ಎಂದೆ. "ಆದ್ರೂ ಅದನ್ನೇ ತರ್ಸಿ ಮೇಡಂ. ಇಲ್ಲಿನ ನಲ್ಲಿ ನೀರಿಗೆ ಚೆನ್ನಾಗಿ ನೊರೆ ಬರುತ್ತೆ, ಅವರ ಕೈಗೂ ಒಳ್ಳೇದು."

ಚೀಲದಿಂದ ಪೆನ್ನು ತೆಗೆದು ಆ ಸೋಪಿನ ಹೆಸರು ಬರೆದುಕೊಟ್ಟೆ. ಅಕ್ಕಯ್ಯಮ್ಮ ನಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾಲ್ಕು ಹೆಜ್ಜೆ ಹೋದವರು ಏನೋ ನೆನಪಾದಂತೆ ಹಿಂದಿರುಗಿ, ಬೀದಿಯ ಎರಡೂ ಕಡೆಯ ಮನೆಗಳಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು:

"ಒಂದ್ನೇ ತಾರೀಕು ಬೆಳಿಗ್ಗೆ ಏಳಕ್ಕೇ ಬಂದ್ಬುಡ್ತೀನಿ, ಬಟ್ಟೆ ನೆನೆ ಆಕಿಡಿ!"